ಹಾಲಿಗೆ ಬಿಳಿಯೋ, ಕಡುಹಸಿರೋ?

ಭದ್ರಾವತಿಯ ನಮ್ಮ ಮನೆಗೆ ಹಬ್ಬಕ್ಕೆ ಮೊದಲು ಬಣ್ಣ ಹೊಡೆಸಬೇಕು. ಅಣ್ಣ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಶೇಡ್ ಕಾರ್ಡ್ ತಂದು, ಹಾಲಿಗೆ ಕಡುಹಸಿರು ಎಂದ. ಅಮ್ಮಿಗೆ ಬಿಳಿಯೇ ಬೇಕು. ನಾನು ಓದುವ ಮೇಜು ಇರುವುದು ಆ ಹಾಲಿನ ಮೂಲೆಯಲ್ಲೇ, ಕಿಟಕಿ ಇರುವುದು ಒಂದೇ. ಹಾಗಾಗಿ ನಾನೂ ಮಾತಿಗಿಳಿದೆ.

ಚೆಂದದ ಮಾತು ಬಿಟ್ಟು ಲೆಕ್ಕ ನೋಡೋಣ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 80ರಷ್ಟನ್ನು ಪ್ರತಿಫಲಿಸುತ್ತದೆ; ಕಡುಹಸಿರು ಸುಮಾರು 10ರಷ್ಟನ್ನು. ಹೀಗೆ ಮರಳಿದ ಬೆಳಕು ಇನ್ನೊಂದು ಗೋಡೆಗೆ ಬಡಿದು ಮತ್ತೆ ಮರಳುತ್ತದೆ: 1 + 0.8 + 0.64 + ... ಗಣಿತದಲ್ಲಿ ನಾವು ಓದಿದ ಗುಣೋತ್ತರ ಶ್ರೇಢಿಯೇ ಇದು. ಮೊತ್ತ 5. ಹಸಿರಿಗೆ 1 + 0.1 + 0.01 + ..., ಮೊತ್ತ ಸುಮಾರು 1.1. ನೆಲಕ್ಕೂ ಚಾವಣಿಗೂ ಅದೇ ಬಣ್ಣ ಎಂದುಕೊಂಡು ಮಾಡಿದ ಲೆಕ್ಕವಿದು. ನಿಜವಾದ ಕೋಣೆಯಲ್ಲಿ ನೆಲ, ಬೀರು, ಪರದೆಗಳೂ ಬೆಳಕು ಹೀರುವುದರಿಂದ ಅಂತರ ಇಷ್ಟಿರುವುದಿಲ್ಲ. ಆದರೂ ಜುಲೈ ತಿಂಗಳ ಮೋಡದಲ್ಲಿ, ಅದೂ ಕರೆಂಟ್ ಹೋದಾಗ, ಪುಸ್ತಕದ ಅಕ್ಷರ ಕಾಣುವುದೋ ಇಲ್ಲವೋ ಎನ್ನುವಷ್ಟು ವ್ಯತ್ಯಾಸ ಆಗಬಹುದು.

ಕೊಳೆ, ಕೈಗುರುತು ಬಿಳಿಯಲ್ಲಿ ಎದ್ದು ಕಾಣುತ್ತವೆ, ಹಸಿರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ ಎಂಬುದು ಅಣ್ಣನ ವಾದ. ಒಪ್ಪಿದೆ. ಆದರೆ ಮಲೆನಾಡಿನ ಮಳೆಗೆ ಗೋಡೆ ತೇವ ಎಳೆದುಕೊಂಡರೆ ಅದು ಬೇಗ ಕಾಣುವುದೇ ಒಳ್ಳೆಯದು. ಸೋರಿಕೆ ನಿಲ್ಲಿಸದೆ ಯಾವ ಬಣ್ಣ ಬಳಿದರೂ ಬೂಷ್ಟು ಮತ್ತೆ ಬರುತ್ತದೆ.

ಬಿಳಿಯಲ್ಲೂ ಒಂದು ಜಾಣತನವಿದೆ. ಹಿಂದೆ ಸುಣ್ಣ ಹೊಡೆಯುವಾಗ ಅದಕ್ಕೆ ಸ್ವಲ್ಪ ನೀಲಿ ಬೆರೆಸುತ್ತಿದ್ದರು. ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ; ಅದರಲ್ಲಿ ಉಳಿಯುವ ಹಳದಿ ಛಾಯೆಯನ್ನು ನೀಲಿ ಮರೆಸುತ್ತದೆ. ಬಿಳಿ ಬಟ್ಟೆಗೆ ನೀಲಿ ಹಾಕುವುದೂ ಇದಕ್ಕೇ.

ಶೇಡ್ ಕಾರ್ಡಿನ ಚಿಕ್ಕ ಚೌಕ ನೋಡಿ ತೀರ್ಮಾನಿಸಬೇಡಿ. ಅದೇ ಬಣ್ಣ ಇಡೀ ಗೋಡೆಗೆ ಬಂದಾಗ ಇನ್ನೂ ಗಾಢವಾಗಿ ಕಾಣುತ್ತದೆ. ನಾವು ಗೋಡೆಯ ಮೇಲೆ ಎರಡೆರಡು ಅಡಿ ಚೌಕದಲ್ಲಿ ಎರಡೂ ಬಣ್ಣ ಬಳಿದು ಬೆಳಿಗ್ಗೆ, ಮಗ್ರಿಬ್ ಹೊತ್ತಿಗೆ, ರಾತ್ರಿ ಎಲ್‌ಇಡಿ ಬೆಳಕಿನಲ್ಲಿ ನೋಡಿದೆವು. ಸಂಜೆ ಹಸಿರು ಚೌಕ ಹೆಚ್ಚುಕಡಿಮೆ ಕಪ್ಪಾಗಿತ್ತು. ಅಣ್ಣ ಏನೂ ಹೇಳಲಿಲ್ಲ.

ಕಿಟಕಿಯ ಎದುರಿನ ಗೋಡೆಗೆ ಹೊರಗಿನ ಬೆಳಕು ನೇರವಾಗಿ ಬೀಳುತ್ತದೆ. ಅದೂ, ಚಾವಣಿಯೂ, ನನ್ನ ಮೇಜಿನ ಮೂಲೆಯೂ ಬಿಳಿ ಎಂದಾಯಿತು. ಸೋಫಾದ ಹಿಂದಿನ ಪಕ್ಕದ ಗೋಡೆಯೊಂದು ಅಣ್ಣನ ಪಾಲಿಗೆ. ಸೋಮವಾರ ಪೇಂಟರ್ ಬರುತ್ತಾರೆ.