ದಡಾರ ಮತ್ತು ದೇಹದ ರೋಗನಿರೋಧಕ ಶಕ್ತಿ

ಮಕ್ಕಳನ್ನು ಬಾಧಿಸುವ ಅಂಟುರೋಗಗಳಲ್ಲಿ ದಡಾರವು ನಮ್ಮ ಜನರಿಗೆ ಚಿರಪರಿಚಿತವಾದುದು. ಜ್ವರ, ನೆಗಡಿ, ಕೆಮ್ಮು, ಕೆಂಪೇರಿದ ಕಣ್ಣುಗಳು, ಅನಂತರ ಮುಖದಿಂದ ಮೊದಲಾಗಿ ಮೈಯೆಲ್ಲ ಹರಡುವ ಕೆಂಪು ದದ್ದುಗಳು ಇದರ ಲಕ್ಷಣಗಳು. ಒಮ್ಮೆ ಬಂದು ಹೋದರೆ ಮತ್ತೆ ಬಾರದೆಂಬ ಮಾತು ಹಿರಿಯರಲ್ಲಿ ರೂಢಿಯಲ್ಲಿದೆ. ಆ ಮಾತು ನಿಜ. ಆದರೆ ಅದನ್ನು ನಂಬಿ, "ಬಂದು ಹೋಗಲಿ ಬಿಡಿ" ಎಂದು ಸುಮ್ಮನಿರುವುದು ಅಪಾಯಕರ. ಏಕೆಂದರೆ ದಡಾರವು ತನ್ನ ವಿರುದ್ಧ ಶಾಶ್ವತ ರಕ್ಷಣೆಯನ್ನು ಕೊಡುವಾಗಲೇ, ಇತರ ರೋಗಗಳ ವಿರುದ್ಧ ದೇಹವು ಗಳಿಸಿಟ್ಟ ರಕ್ಷಣೆಯನ್ನು ಅಪಹರಿಸುತ್ತದೆ.

ಎರಡು ಹಳೆಯ ಅವಲೋಕನಗಳು

1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ದಡಾರವು ಹಬ್ಬಿತು. ಅಲ್ಲಿನ ಸುಮಾರು 7,800 ನಿವಾಸಿಗಳಲ್ಲಿ 6,000 ಮಂದಿ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರವು ಕಳುಹಿಸಿದ ತರುಣ ವೈದ್ಯ ಪೀಟರ್ ಲುಡ್ವಿಗ್ ಪಾನಮ್ ಅವರು ಅಲ್ಲಿ ಒಂದು ಸಂಗತಿಯನ್ನು ಗುರುತಿಸಿದರು. 65 ವರ್ಷಗಳ ಹಿಂದೆ, ಅಂದರೆ 1781ರಲ್ಲಿ, ದಡಾರದಿಂದ ನರಳಿ ಉಳಿದಿದ್ದ ವೃದ್ಧರಲ್ಲಿ ಒಬ್ಬರಿಗೂ ಈ ಸಲ ರೋಗವು ತಗಲಲಿಲ್ಲ. ದೇಹವು ಒಮ್ಮೆ ಕಂಡ ವೈರಿಯನ್ನು ಜೀವಮಾನವಿಡೀ ಮರೆಯದೆಂಬುದಕ್ಕೆ ಇದು ಸ್ಪಷ್ಟ ನಿದರ್ಶನವಾಯಿತು.

ಎರಡನೆಯ ಅವಲೋಕನವು 1908ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಅವರದು. ಕ್ಷಯರೋಗಾಣುವಿನ ಪರಿಚಯವಿರುವ ಮಗುವಿನ ಚರ್ಮಕ್ಕೆ ಟ್ಯುಬರ್ಕ್ಯುಲಿನ್ ಸೋಕಿಸಿದರೆ ಅಲ್ಲಿ ಕೆಂಪು ಬಾವು ಏಳುವುದು ಸಹಜ. ಅಂಥ ಮಗುವಿಗೆ ದಡಾರ ಬಂದಾಗ ಆ ಬಾವು ಕೆಲವು ದಿನ ಕಾಣಿಸಿಕೊಳ್ಳುವುದೇ ಇಲ್ಲವೆಂದು ಅವರು ತೋರಿಸಿದರು. ದಡಾರವು ಬೇರೊಂದು ರೋಗದ ವಿರುದ್ಧದ ಪ್ರತಿಕ್ರಿಯೆಯನ್ನು ಅಡಗಿಸುತ್ತದೆಂಬುದು ಹೀಗೆ ತಿಳಿದುಬಂದಿತು.

ದೇಹದೊಳಗೆ ನಡೆಯುವುದೇನು?

ದಡಾರದ ವೈರಾಣುವು ಉಸಿರಿನ ಮೂಲಕ ಶ್ವಾಸಕೋಶವನ್ನು ಸೇರುತ್ತದೆ. ಅಲ್ಲಿ ಪಹರೆ ಕಾಯುವ ರಕ್ಷಕಕಣಗಳನ್ನೇ ಅದು ಮೊದಲು ಹಿಡಿಯುತ್ತದೆ. ಈ ಕಣಗಳು ದುಗ್ಧಗ್ರಂಥಿಗಳಿಗೆ ಹಿಂದಿರುಗುವಾಗ ತಮ್ಮೊಡನೆ ವೈರಿಯನ್ನೂ ಕರೆದೊಯ್ಯುತ್ತವೆ. ಬಿಳಿಯ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟುಗಳ ಮೇಲ್ಮೈಯಲ್ಲಿರುವ ಒಂದು ಪ್ರೋಟೀನು ಈ ವೈರಾಣುವಿಗೆ ಬಾಗಿಲಾಗುತ್ತದೆಂದು ಜಪಾನಿನ ವಿಜ್ಞಾನಿಗಳು 2000ದಲ್ಲಿ ಕಂಡುಹಿಡಿದರು. ಹಿಂದಿನ ರೋಗಗಳ ನೆನಪನ್ನು ಹೊತ್ತಿರುವ ಸ್ಮೃತಿಕಣಗಳಲ್ಲಿ ಈ ಬಾಗಿಲುಗಳು ಹೆಚ್ಚು. ಆದುದರಿಂದ ಅವೇ ಹೆಚ್ಚಾಗಿ ಬಲಿಯಾಗುತ್ತವೆ.

ಸೋಂಕು ತಗಲಿದ ಸುಮಾರು ಹತ್ತು ದಿನಕ್ಕೆ ಜ್ವರವೂ, ಹದಿನಾಲ್ಕು ದಿನಕ್ಕೆ ದದ್ದುಗಳೂ ಕಾಣಿಸುತ್ತವೆ. ಈ ದದ್ದುಗಳು ಕೇವಲ ವೈರಾಣುವಿನ ಕೃತ್ಯವಲ್ಲ. ಟಿ-ಲಿಂಫೋಸೈಟುಗಳು ಚರ್ಮದಲ್ಲಿ ಅಡಗಿದ ಸೋಂಕಿತ ಕಣಗಳ ಮೇಲೆ ನಡೆಸುವ ದಾಳಿಯೇ ದದ್ದಾಗಿ ತೋರುತ್ತದೆ. ಈ ಕಣಗಳ ಶಕ್ತಿ ಕುಂದಿದ ಮಕ್ಕಳಲ್ಲಿ ದದ್ದು ಏಳದೆಯೇ ರೋಗವು ಶ್ವಾಸಕೋಶಕ್ಕಿಳಿದು ಮಾರಕವಾಗಬಹುದು. ದದ್ದಿನ ಜೊತೆಗೇ ದಡಾರದ ವಿರುದ್ಧ ಪ್ರತಿಕಾಯಗಳೂ ಹುಟ್ಟುತ್ತವೆ. ಅವು ಬಾಳಿನುದ್ದಕ್ಕೂ ಉಳಿಯುತ್ತವೆ.

ಈ ಹೋರಾಟದಲ್ಲಿ ಲಿಂಫೋಸೈಟುಗಳ ಸಂಖ್ಯೆ ತೀರ ಇಳಿದು, ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ. ಆದರೆ ಹೊಸದಾಗಿ ಹುಟ್ಟಿದ ಕಣಗಳಲ್ಲಿ ಬಹುಪಾಲು ದಡಾರವನ್ನು ಮಾತ್ರ ಬಲ್ಲವು. ಪಾಠಶಾಲೆಯೊಂದರಲ್ಲಿ ನುರಿತ ಉಪಾಧ್ಯಾಯರೆಲ್ಲ ಹೊರಟುಹೋಗಿ, ಒಂದೇ ವಿಷಯವನ್ನು ಬಲ್ಲ ಹೊಸಬರು ಆ ಸ್ಥಾನಗಳನ್ನು ತುಂಬಿದಂತೆ ಇದು. ಹಾಜರಿ ಪುಸ್ತಕದಲ್ಲಿ ಕೊರತೆ ಕಾಣದು. ಪಾಠಗಳು ಮಾತ್ರ ನಿಂತಿರುತ್ತವೆ.

ಇತ್ತೀಚಿನ ಸಂಶೋಧನೆ

ಈ ನಷ್ಟದ ಅಳತೆ ದೊರೆತದ್ದು 2019ರಲ್ಲಿ. ನೆದರ್ಲೆಂಡ್ಸ್ ದೇಶದಲ್ಲಿ ಲಸಿಕೆ ಪಡೆಯದ 77 ಮಕ್ಕಳ ರಕ್ತವನ್ನು ದಡಾರ ಬರುವುದಕ್ಕೆ ಮೊದಲೂ ಬಂದ ಅನಂತರವೂ ಪರೀಕ್ಷಿಸಲಾಯಿತು. ಬೇರೆ ಬೇರೆ ರೋಗಾಣುಗಳ ವಿರುದ್ಧ ಅವರಲ್ಲಿದ್ದ ಪ್ರತಿಕಾಯಗಳ ಸಂಗ್ರಹದಲ್ಲಿ ಶೇಕಡಾ 11ರಿಂದ 73ರವರೆಗೆ ನಾಶವಾಗಿದ್ದಿತು. ಲಸಿಕೆ ಪಡೆದ ಮಕ್ಕಳಲ್ಲಿ ಇಂಥ ನಾಶವು ಕಂಡುಬರಲಿಲ್ಲ. ಇದಕ್ಕೆ ಮೊದಲು, 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಇಂಗ್ಲೆಂಡ್, ಅಮೆರಿಕ ಮತ್ತು ಡೆನ್ಮಾರ್ಕ್ ದೇಶಗಳ ಮರಣದ ಲೆಕ್ಕಗಳನ್ನು ಪರಿಶೀಲಿಸಿತ್ತು. ದಡಾರ ಹಬ್ಬಿದ ಅನಂತರ ಎರಡು ಮೂರು ವರ್ಷಗಳವರೆಗೂ ಇತರ ಸೋಂಕುಗಳಿಂದಾಗುವ ಮಕ್ಕಳ ಸಾವು ಹೆಚ್ಚಿರುತ್ತದೆಂದು ಅದು ತಿಳಿಸಿತು. ನ್ಯುಮೋನಿಯಾ ಅಥವಾ ಭೇದಿಯಿಂದ ತೀರಿಕೊಂಡ ಎಷ್ಟೋ ಮಕ್ಕಳ ಸಾವಿಗೆ ಹಿಂದೆ ಬಂದು ಹೋದ ದಡಾರವೇ ದಾರಿ ಮಾಡಿಕೊಟ್ಟಿರಬಹುದು.

ನಮ್ಮ ಕರ್ತವ್ಯ

ದಡಾರದ ಲಸಿಕೆಯು 1963ರಲ್ಲಿ ಬಳಕೆಗೆ ಬಂದಿತು. ಅದಕ್ಕೆ ಮೊದಲು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನರು ಈ ರೋಗದಿಂದ ಸಾಯುತ್ತಿದ್ದರೆಂದು ಅಂದಾಜು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 1985ರಲ್ಲಿ ಇದು ಸೇರಿತು. 2017ರಲ್ಲಿ ದಡಾರ-ರುಬೆಲ್ಲಾ ಜಂಟಿ ಲಸಿಕೆಯ ಅಭಿಯಾನವು ಮೊದಲಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದುರ್ಬಲಗೊಳಿಸಿದ ವೈರಾಣುವನ್ನೊಳಗೊಂಡ ಈ ಲಸಿಕೆಯು ದಡಾರದ ಸ್ಮೃತಿಯನ್ನು ದೇಹಕ್ಕೆ ಕಲಿಸುತ್ತದೆ. ಉಳಿದ ಸ್ಮೃತಿಯನ್ನು ಅಳಿಸುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಎಳೆಗೂಸಿನಲ್ಲಿ ಲಸಿಕೆಯನ್ನು ನಿಷ್ಫಲಗೊಳಿಸುವುದರಿಂದ ಮೊದಲ ಸಲ 9ರಿಂದ 12ನೆಯ ತಿಂಗಳಿನಲ್ಲಿಯೂ, ಎರಡನೆಯ ಸಲ 16ರಿಂದ 24ನೆಯ ತಿಂಗಳಿನಲ್ಲಿಯೂ ಇದನ್ನು ಕೊಡುತ್ತಾರೆ.

ರೋಗಿಯು ಹೊರಟುಹೋದ ಕೋಣೆಯ ಗಾಳಿಯಲ್ಲಿ ಈ ವೈರಾಣುವು ಎರಡು ಗಂಟೆಯವರೆಗೂ ಜೀವಂತವಾಗಿರಬಲ್ಲದು. ಆದಕಾರಣ ನೂರಕ್ಕೆ 95 ಮಕ್ಕಳಾದರೂ ಎರಡೂ ಸಲ ಲಸಿಕೆ ಪಡೆದಿರದಿದ್ದರೆ ಶಾಲೆಗಳೂ ವಿದ್ಯಾರ್ಥಿ ನಿಲಯಗಳೂ ಸುರಕ್ಷಿತವೆನ್ನಲಾಗದು. ಪ್ರವೇಶದ ಕಾಲದಲ್ಲಿ ಮಗುವಿನ ಲಸಿಕಾ ಚೀಟಿಯನ್ನು ನೋಡುವುದು, ದದ್ದು ಎದ್ದ ಮಗುವನ್ನು ನಾಲ್ಕು ದಿನ ಪ್ರತ್ಯೇಕವಾಗಿರಿಸುವುದು, ವೈದ್ಯರ ಸಲಹೆಯಂತೆ 'ಎ' ಜೀವಸತ್ವವನ್ನು ಕೊಡಿಸುವುದು ಉಪಾಧ್ಯಾಯರೂ ಪೋಷಕರೂ ಮಾಡಬಹುದಾದ ಕೆಲಸಗಳು. ದದ್ದು ಮಾಸಿತೆಂದು ಎಚ್ಚರ ತಪ್ಪಬಾರದು. ಅಂಥ ಮಗುವಿನ ಊಟ, ತೂಕ, ಕೆಮ್ಮು, ಭೇದಿಗಳ ಕಡೆಗೆ ಮುಂದಿನ ಎರಡು ಮೂರು ವರ್ಷ ವಿಶೇಷ ಗಮನವಿರಬೇಕು. ಮಗುವಿನ ದೇಹವು ಕಳೆದುಕೊಂಡ ಪಾಠಗಳನ್ನು ಮತ್ತೆ ಮೊದಲಿನಿಂದ ಕಲಿಯುತ್ತಿರುವ ಕಾಲವದು.