ಗಾಳಿ ತಾಗದ ಮರಳಿನ ಉಪಕಾರ

ಗಾಜಿನ ನಳಿಕೆಯಲ್ಲಿ ಒಂದಿಷ್ಟು ಅಕ್ವೇರಿಯಂ ನೀರು. ಪರೀಕ್ಷಾ ದ್ರಾವಣದ ಹನಿಗಳನ್ನು ಹಾಕಿ, ಚೆನ್ನಾಗಿ ಕುಲುಕಿ, ಕೆಲವು ನಿಮಿಷ ಕಾಯಬೇಕು. ನೀರು ಹಳದಿಯಾಗಿಯೇ ಉಳಿದರೆ ನಿರಾಳ. ಕಿತ್ತಳೆ ದಾಟಿ ಕುಂಕುಮದ ಬಣ್ಣಕ್ಕೆ ತಿರುಗಿದರೆ ನೈಟ್ರೇಟ್ ಏರಿದೆ ಎಂದೇ ಅರ್ಥ. ಹವಳದ ದಿಬ್ಬಗಳ ಸುತ್ತಲಿನ ತಿಳಿಗಡಲಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಲೀಟರಿಗೆ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಅದು ನೋಡನೋಡುತ್ತ 50 ದಾಟಬಲ್ಲದು.

ಮೀನಿನ ತ್ಯಾಜ್ಯದಿಂದ, ತಿನ್ನದೆ ಉಳಿದು ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಕೆಲಸಕ್ಕೆ ಆಮ್ಲಜನಕ ಬೇಕೇಬೇಕು. ಹಾಗಾಗಿಯೇ ಜಲ್ಲಿಯ ತಳದಿಂದ ನೀರೆಳೆದು ಜಲ್ಲಿಯ ತುಂಬ ಆಮ್ಲಜನಕ ಹರಿಸುವ ಫಿಲ್ಟರ್‌ಗಳು ಬಳಕೆಗೆ ಬಂದವು. ಅಮೋನಿಯಾದ ವಿಷ ಇಳಿಯಿತು, ಮೀನುಗಳು ಬದುಕಿದವು. ಆದರೆ ನೈಟ್ರೇಟ್ ಹೋಗಲು ದಾರಿಯಿರಲಿಲ್ಲ. ಪಾಚಿ ಹಬ್ಬಿತು, ಹವಳ ಸೊರಗಿತು.

ಆ ದಾರಿಯ ಸುಳಿವು ಆಗಲೇ ಹಳೆಯದಾಗಿತ್ತು. 1880ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ಗೇಯೊನ್ ಮತ್ತು ದ್ಯುಪೆತಿ, ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕ ಅನಿಲ ಬಿಡುವುದನ್ನು ತೋರಿಸಿದ್ದರು. ಆಮ್ಲಜನಕ ಸಿಗದಾಗ ಅವು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಂಡು ಬದುಕುತ್ತವೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಹಾಕಿದ ಗೊಬ್ಬರದ ಒಂದು ಪಾಲು ಗಾಳಿಪಾಲಾಗುವುದೂ ಹೀಗೆಯೇ. ರೈತನಿಗೆ ಅದು ನಷ್ಟ, ಹವಳ ಸಾಕುವವನಿಗೆ ಅದೇ ಲಾಭ.

1961ರಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್ ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ಸರಳ ಅಕ್ವೇರಿಯಂ ಪದ್ಧತಿಯನ್ನು ವಿವರಿಸಿದರು: ಕಡಲಿನ ನೀರು, ಜೀವಿಗಳು ತುಂಬಿದ ಕಲ್ಲು, ಒಂದಿಷ್ಟು ಗಾಳಿಗುಳ್ಳೆ. ರಂಧ್ರಮಯ ಕಲ್ಲಿನ ಹೊರಮೈಯಲ್ಲಿ ಅಮೋನಿಯಾ ನೈಟ್ರೇಟ್ ಆದರೆ, ಆಮ್ಲಜನಕ ತಲುಪದ ಒಳಗಿನ ಸಂದುಗಳಲ್ಲಿ ಆ ನೈಟ್ರೇಟ್ ಒಡೆಯುತ್ತಿತ್ತು. ಮುಂದೆ ಬರ್ಲಿನ್‌ನ ಹವ್ಯಾಸಿಗಳು ಇಂಥ ಕಲ್ಲಿನ ಜೊತೆಗೆ ಪ್ರೋಟೀನ್ ಸ್ಕಿಮ್ಮರ್ ಇಟ್ಟರು. ಕೊಳೆಯುವ ಮೊದಲೇ ಕಲ್ಮಶವನ್ನು ನೊರೆಯಾಗಿಸಿ ಹೊರಹಾಕುವ ಯಂತ್ರವದು. ಮೊನಾಕೊದಲ್ಲಿ ವಿಜ್ಞಾನಿ ಜಾನ್ ಜೋಬರ್ ತಳದ ಗಾಜಿನಿಂದ ಕೊಂಚ ಮೇಲೆ ಜಾಲರಿಯಿಟ್ಟು, ಅದರ ಮೇಲೆ ಹವಳದ ಮರಳನ್ನು ದಪ್ಪಗೆ ಹಾಸಿದರು. ಕೆಳಗಿಳಿದಂತೆ ಆಮ್ಲಜನಕ ಕಡಿಮೆಯಾಗುವ ಆ ಮರಳೇ ಫಿಲ್ಟರ್ ಆಯಿತು.

ಇವತ್ತು ಅಳತೆ ಮಾಡಿ ವೋಡ್ಕಾ ಅಥವಾ ವಿನೆಗರ್ ಹನಿಸಿ ಬ್ಯಾಕ್ಟೀರಿಯಾಗಳಿಗೆ ಇಂಗಾಲ ಉಣಿಸುವವರೂ ಇದ್ದಾರೆ. ಬೆಳೆಯುವಾಗ ಅವು ನೈಟ್ರೇಟನ್ನು ಹೀರಿಕೊಳ್ಳುತ್ತವೆ. ಸ್ಕಿಮ್ಮರ್ ಅವನ್ನು ಹೊರತೆಗೆಯುತ್ತದೆ. ಅಳತೆ ತಪ್ಪಿದರೆ ನೀರಿನಲ್ಲಿ ಆಮ್ಲಜನಕ ಕುಸಿದು ಮೀನುಗಳೇ ಸಾಯಬಹುದು.

ನೀರು ಬದಲಿಸುವ ಹಳೆಯ ಉಪಾಯಕ್ಕೂ ಲೆಕ್ಕವಿದೆ. ನೈಟ್ರೇಟ್ 80 ಇದ್ದಾಗ ಕಾಲು ಭಾಗ ಬದಲಿಸಿದರೆ ಇಳಿಯುವುದು 60ಕ್ಕೆ. ಅದೂ ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲದಿದ್ದರೆ ಮಾತ್ರ. ಕರ್ನಾಟಕದ ಹಲವು ಬೋರ್‌ವೆಲ್‌ಗಳಲ್ಲಿ ಕುಡಿಯುವ ನೀರಿನ ಮಿತಿಯಾದ 45 ಮಿಲಿಗ್ರಾಂ ಮೀರಿದ ನೈಟ್ರೇಟ್ ಇದೆ. ಅದರಲ್ಲೇ ಉಪ್ಪು ಕಲಸಿದರೆ ಎಷ್ಟು ಬದಲಿಸಿದರೂ ನೈಟ್ರೇಟ್ ಆ ಮಟ್ಟಕ್ಕಿಂತ ಕೆಳಗಿಳಿಯದು. ಆರ್‌ಒ ನೀರು ಬಳಸುವುದೇ ಕ್ಷೇಮ.

ತೊಟ್ಟಿ ಹಳೆಯದಾದಂತೆ ಗಾಜಿಗೆ ಅಂಟಿದ ಮರಳಿನ ನಡುವೆ ಸಾಸಿವೆ ಗಾತ್ರದ ಗುಳ್ಳೆಗಳು ಕಾಣಿಸುತ್ತವೆ. ಹೊಸಬರು ಗಾಬರಿಯಾಗಿ ಮರಳನ್ನು ಕೆದಕಲು ಹೊರಡುತ್ತಾರೆ. ದಯವಿಟ್ಟು ಕೆದಕಬೇಡಿ. ಮೀನು ಬಿಟ್ಟ ಕಲ್ಮಶ ಅನಿಲವಾಗಿ ಮರಳಿ ಗಾಳಿಗೆ ಸೇರುವುದು ಆ ಗುಳ್ಳೆಗಳ ದಾರಿಯಲ್ಲೇ.