ಬಣ್ಣವಿಲ್ಲದ ಬಣ್ಣ

ಗಿರಣಿಯ ಬಣ್ಣದ ಖಾತೆಯಲ್ಲಿ ದುಡಿಯುವ ವಾಚಕರೊಬ್ಬರು ಮೊನ್ನೆ ನಮ್ಮನ್ನು ಕೇಳಿದರು: "ರಾಯರೇ, ಪಾತರಗಿತ್ತಿಯ ರೆಕ್ಕೆಗೆ ಇಷ್ಟು ಪಕ್ಕಾ ನೀಲಿ ಹಾಕಿದವರು ಯಾರು? ನಾವು ಹಾಕಿದ್ದು ನಾಲ್ಕು ಒಗೆತಕ್ಕೆ ಮಾಸುತ್ತದಲ್ಲ!" ಅವರ ಬೆರಳುಗಳೇ ನೀಲಿಯಾಗಿದ್ದವು. ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಪಾತರಗಿತ್ತಿಯನ್ನು ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಪುಡಿಯಲ್ಲ, ಮಾಡಿನ ಹೆಂಚುಗಳಂತೆ ರೆಕ್ಕೆಯ ಮೇಲೆ ಸಾಲಾಗಿ ಹೊದಿಸಿದ್ದ ಹುರುಪೆಗಳು. ಒಂದೊಂದರ ಉದ್ದ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು. ಕಪ್ಪು, ಕಂದು, ಹಳದಿ ಹುರುಪೆಗಳಲ್ಲಿ ಸಾಮಾನ್ಯವಾಗಿ ನಿಜವಾದ ಬಣ್ಣದ್ರವ್ಯವೇ ಇರುತ್ತದೆ. ಆದರೆ ದಕ್ಷಿಣ ಅಮೆರಿಕದ ಕಾಡುಗಳ ಮಾರ್ಫೋ ಪಾತರಗಿತ್ತಿಯ ಹೊಳೆಯುವ ನೀಲಿಯಲ್ಲಿ ನೀಲಿ ದ್ರವ್ಯವೇ ಇಲ್ಲ!

ಅದರ ಹುರುಪೆಯ ಮೇಲೆ ಉದ್ದುದ್ದ ಏಣುಗಳಿವೆ. ಏಣಿನ ಎರಡೂ ಪಕ್ಕಕ್ಕೆ ಕಪಾಟಿನ ಹಲಗೆಗಳಂತೆ ತೆಳು ಪದರಗಳು, ನಡುವೆ ಗಾಳಿ. ಪದರದಿಂದ ಪದರಕ್ಕೆ ಅಂತರ ಮಿಲಿಮೀಟರಿನ ಸುಮಾರು 5,000ದಲ್ಲೊಂದು ಪಾಲು. ಬಿಸಿಲು ಬಿದ್ದಾಗ ಪ್ರತಿ ಪದರವೂ ಸ್ವಲ್ಪ ಬೆಳಕನ್ನು ಹಿಂದಿರುಗಿಸುತ್ತದೆ. ನೀಲಿಯ ಅಲೆಗಳಿಗೆ ಈ ಅಂತರ ಹೊಂದುವುದರಿಂದ ಅವು ಹೆಜ್ಜೆಗೆ ಹೆಜ್ಜೆ ಕೂಡಿ ಬಲಗೊಳ್ಳುತ್ತವೆ. ಉಳಿದವು ಹೆಜ್ಜೆ ತಪ್ಪಿ ಮಂಕಾಗುತ್ತವೆ. ಕೆಳಗಿರುವ ಕಂದು ದ್ರವ್ಯವು ಉಳಿದ ಬೆಳಕನ್ನು ನುಂಗಿ ನೀಲಿಯನ್ನು ಎತ್ತಿ ತೋರಿಸುತ್ತದೆ. ಸಾಬೂನಿನ ಗುಳ್ಳೆಯ ಬಣ್ಣವೂ, ಮಳೆಯಲ್ಲಿ ರಸ್ತೆಯ ಮೇಲೆ ಹರಡಿದ ಎಣ್ಣೆಯ ಬಣ್ಣವೂ ಇದೇ ಜಾತಿಯವು.

ಇದಕ್ಕೆ ಸಾಕ್ಷಿ ಬೇಕೇ? ಮಾರ್ಫೋ ರೆಕ್ಕೆಗೆ ಒಂದು ಹನಿ ಸ್ಪಿರಿಟ್ ಹಾಕಿದರೆ ನೀಲಿ ಹೋಗಿ ಹಸಿರಾಗುತ್ತದೆ. ಗಾಳಿಯ ಜಾಗದಲ್ಲಿ ಸ್ಪಿರಿಟ್ ತುಂಬಿದ್ದೇ ಕಾರಣ. ಅದು ಆರಿದೊಡನೆ ನೀಲಿ ಮರಳುತ್ತದೆ. ನವಿಲುಗರಿಯನ್ನು ನೀರಿನಲ್ಲಿ ನೆನೆಸಿದರೆ ಬಣ್ಣ ಮಾಯವಾಗುವುದನ್ನು ರಾಬರ್ಟ್ ಹುಕ್ 1665ರಲ್ಲೇ ಬರೆದಿದ್ದರು. ಆದರೆ ಇಷ್ಟು ತೆಳುವಾದ ಪದರಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ನಿಲುಕವು. 1942ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಅವನ್ನು ಕಣ್ಣಿಗೆ ತೋರಿಸಿತು.

ಇಷ್ಟು ಕೇಳಿದ ಮೇಲೆ ನಮ್ಮ ಗೆಳೆಯರು, "ಹಾಗಾದರೆ ಬಣ್ಣದ ಖಾತೆ ಮುಚ್ಚಿತೇ?" ಎಂದರು. ಜಪಾನಿನ ತೇಜಿನ್ ಕಂಪನಿಯು ಮಾರ್ಫೋವನ್ನು ನೋಡಿ, ನೈಲಾನ್ ಮತ್ತು ಪಾಲಿಯೆಸ್ಟರಿನ 61 ಪದರಗಳ, ಬಣ್ಣ ಹಾಕದ ನೂಲನ್ನು ತಯಾರಿಸಿದ್ದುಂಟು. ಆದರೂ ಗಿರಣಿಗಳು ಇಂದಿಗೂ ಬಣ್ಣದಲ್ಲೇ ಅದ್ದುತ್ತಿವೆ. ಬಣ್ಣದ ನೀರನ್ನು ಹೊಳೆಗೆ ಬಿಡದೆ, ಕೈಗೆ ಕಲೆಯಾಗದೆ ಬಟ್ಟೆಗೆ ಬಣ್ಣ ಬರುವ ದಾರಿಯೊಂದಿದೆ ಎಂಬುದನ್ನಂತೂ ಹುಳುವೊಂದು ತೋರಿಸಿಕೊಟ್ಟಿದೆ.

ಮಳೆಗಾಲದಲ್ಲಿ ತೋಟಗಳಿಗೆ ಹೋದರೆ ಗ್ರೇಟ್ ಎಗ್‌ಫ್ಲೈ ಎಂಬ ಗಂಡು ಪಾತರಗಿತ್ತಿಯನ್ನು ನೋಡಿರಿ. ಕಪ್ಪು ರೆಕ್ಕೆಯ ಬಿಳಿ ಮಚ್ಚೆಗಳ ಸುತ್ತ, ಓರೆಯಾಗಿ ನೋಡಿದಾಗ, ನೇರಳೆ-ನೀಲಿ ಮಿನುಗಿ ಮರೆಯಾಗುತ್ತದೆ. ನೋಡಿರಿ, ಹಿಡಿಯಬೇಡಿರಿ, ಉದುರಿದ ಹುರುಪೆ ಮತ್ತೆ ಬೆಳೆಯುವುದಿಲ್ಲ.